ಸೂಜಿ ಚುಚ್ಚಿತಾ? ಮೊದಲ ಎರಡು ಗಂಟೆಯಲ್ಲಿ ಏನು ಮಾಡಬೇಕು: ಕರಾವಳಿಯ ಆಸ್ಪತ್ರೆ ಕೆಲಸಗಾರರಿಗೆ ಮಾರ್ಗದರ್ಶಿ

ಈಗಷ್ಟೇ ಸೂಜಿ ಚುಚ್ಚಿಸಿಕೊಂಡು ಇದನ್ನು ಓದುತ್ತಿದ್ದರೆ, ಓದುವುದು ಆಮೇಲೆ. ಮೊದಲು ನಲ್ಲಿಯ ಹತ್ತಿರ ಹೋಗಿ ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆಯಿರಿ. ಡ್ಯೂಟಿಯಲ್ಲಿರುವ ಹಿರಿಯರಿಗೆ ಒಂದು ಮಾತು ಹೇಳಿ ಸೀದಾ ಕ್ಯಾಶುವಾಲ್ಟಿಗೆ ನಡೆಯಿರಿ. ಎಚ್‌ಐವಿ ತಡೆಯುವ ಮಾತ್ರೆ ಬೇಕೆಂದಾದರೆ ಅದರ ಮೊದಲ ಡೋಸ್ ಎರಡು ಗಂಟೆಯೊಳಗೆ ಹೊಟ್ಟೆಗೆ ಹೋಗುವುದು ಒಳ್ಳೆಯದು. 72 ಗಂಟೆ ದಾಟಿದ ಮೇಲೆ ಅದನ್ನು ಶುರು ಮಾಡುವುದಿಲ್ಲ.

ಉಳಿದವರು ನಿಧಾನಕ್ಕೆ ಓದಿ.

ಮಂಗಳೂರು, ಉಡುಪಿ ಕಡೆ ಆಸ್ಪತ್ರೆಗೇನೂ ಬರವಿಲ್ಲ. ಹಂಪನಕಟ್ಟೆ, ಕಂಕನಾಡಿ, ದೇರಳಕಟ್ಟೆ, ಆಚೆ ಮಣಿಪಾಲ. ಎಲ್ಲಿ ನೋಡಿದರೂ ಮೆಡಿಕಲ್ ಕಾಲೇಜು, ನರ್ಸಿಂಗ್ ಕಾಲೇಜು, ಲ್ಯಾಬು. ಮಳೆಗಾಲ ಬಂತೆಂದರೆ ಮಲೇರಿಯಾ, ಡೆಂಗಿ, ಇಲಿಜ್ವರ ಎಂದು ವಾರ್ಡು ತುಂಬುತ್ತದೆ. ಪ್ಲೇಟ್‌ಲೆಟ್ ನೋಡಲು ಮತ್ತೆ ಮತ್ತೆ ರಕ್ತ ತೆಗೆಯಬೇಕು. ಸೂಜಿ ಜಾಸ್ತಿ ಆದಷ್ಟು ಚುಚ್ಚಿಸಿಕೊಳ್ಳುವುದೂ ಜಾಸ್ತಿ.

ಇನ್‌ಫೆಕ್ಷನ್ ಕಂಟ್ರೋಲ್ ಕೆಲಸ ಮಾಡುವವಳಾಗಿ ನನಗೆ ಕಾಣುವುದು ಇದು: ತೊಳೆಯಬೇಕು ಎಂದು ಎಲ್ಲರಿಗೂ ಗೊತ್ತು. ಸಮಯ ಹಾಳಾಗುವುದು ಹೇಳಲೋ ಬೇಡವೋ ಎನ್ನುವ ಯೋಚನೆಯಲ್ಲಿ. "ಎಂಥದ್ದೂ ಆಗುವುದಿಲ್ಲ ಮಾರಾಯ್ತಿ, ನನಗೆ ಎಷ್ಟು ಸಲ ಚುಚ್ಚಿದೆ" ಎಂದು ಸೀನಿಯರ್ ಒಬ್ಬರು ಹೇಳಿದರೆ ಮುಗಿಯಿತು, ಹೊಸ ಹುಡುಗಿ ಬಾಯಿ ಮುಚ್ಚಿಕೊಳ್ಳುತ್ತಾಳೆ. ಹಾಗಾಗಿ ಯೋಚನೆಗೆ ಜಾಗವೇ ಇಲ್ಲದ ಹಾಗೆ ಹಂತ ಹಂತವಾಗಿ ಬರೆಯುತ್ತೇನೆ.

ಹಂತ 1: ತೊಳೆಯಿರಿ, ಬೇರೇನೂ ಮಾಡಬೇಡಿ

ಗ್ಲೌಸ್ ತೆಗೆಯಿರಿ. ಸೋಪು, ನೀರು ಸಾಕು. ಗಾಯವನ್ನು ಹಿಂಡಿ ರಕ್ತ ತೆಗೆಯಬೇಡಿ. ಸ್ಪಿರಿಟ್, ಬೆಟಾಡಿನ್, ಬ್ಲೀಚ್ ಸುರಿಯಬೇಡಿ. ಇವು ಚರ್ಮವನ್ನು ಕೆರಳಿಸುತ್ತವೆಯೇ ಹೊರತು ವೈರಸ್ ತಡೆಯುತ್ತವೆ ಎನ್ನಲು ಆಧಾರವಿಲ್ಲ.

ಬೆರಳನ್ನು ಬಾಯಿಗೆ ಹಾಕಬೇಡಿ. ಇದನ್ನು ಬೇರೆಯಾಗಿ ಹೇಳಲು ಕಾರಣವಿದೆ. ಚಿಕ್ಕಂದಿನಿಂದ ಬಂದ ಅಭ್ಯಾಸ ನೋಡಿ, ಬೆರಳಿಗೆ ಏನು ತಾಗಿದರೂ ಬಾಯಿಗೇ ಹೋಗುತ್ತದೆ.

ಕಣ್ಣಿಗೆ ರಕ್ತ ಹಾರಿದರೆ ಕುರ್ಚಿಯಲ್ಲಿ ಕುಳಿತು ತಲೆ ಹಿಂದಕ್ಕೆ ಬಾಗಿಸಿ. ಇನ್ನೊಬ್ಬರು ಸಲೈನ್ ಅಥವಾ ಶುದ್ಧ ನೀರನ್ನು ಮೆಲ್ಲಗೆ ಸುರಿಯುತ್ತಾ ಇರಲಿ, ನೀವು ರೆಪ್ಪೆ ಮೇಲೆ ಕೆಳಗೆ ಎಳೆದು ಹಿಡಿಯಿರಿ. ಕಣ್ಣಿಗೆ ಸೋಪು ಬೇಡ. ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ಅದು ಇದ್ದ ಹಾಗೆಯೇ ತೊಳೆದು, ಆಮೇಲೆ ತೆಗೆದು, ಲೆನ್ಸನ್ನು ಬೇರೆಯಾಗಿ ತೊಳೆಯಿರಿ. ಬಾಯಿಗೆ ಹೋದರೆ ತಕ್ಷಣ ಉಗಿದು, ಹಲವು ಸಲ ಮುಕ್ಕಳಿಸಿ.

ಬಾಣಂತಿ ವಾರ್ಡಿನವರಿಗೆ ಒಂದು ಮಾತು. ಸೂಜಿ ಚುಚ್ಚಿದರೆ ಗಾಬರಿ ಬೀಳುವವರು, ನೀರು ಒಡೆಯುವಾಗ ಮುಖಕ್ಕೆ ಚಿಮ್ಮಿದ್ದನ್ನು ಸೆರಗಿನಿಂದಲೋ ತೋಳಿನಿಂದಲೋ ಒರೆಸಿಕೊಂಡು ಸುಮ್ಮನಾಗುತ್ತಾರೆ. ಗರ್ಭದ ನೀರು ಕೂಡ ಸೋಂಕು ತರಬಲ್ಲ ದ್ರವ. ಅದು ಕಣ್ಣಿಗೆ ಬಿದ್ದರೆ ಅದನ್ನೂ ಬರೆಸಬೇಕು.

ಹಂತ 2: ಹೇಳಿ, ಬರೆಸಿ

ತೊಳೆದು ಮುಗಿದ ಕೂಡಲೇ ವಾರ್ಡಿನ ಇನ್‌ಚಾರ್ಜ್ ಸಿಸ್ಟರ್‌ಗೆ ಹೇಳಿ. ಇಂಟರ್ನ್ ಆದರೆ ಡ್ಯೂಟಿ ಡಾಕ್ಟರಿಗೆ. ನರ್ಸಿಂಗ್ ವಿದ್ಯಾರ್ಥಿಯಾದರೆ ಕ್ಲಿನಿಕಲ್ ಇನ್‌ಸ್ಟ್ರಕ್ಟರ್ ಬರುವ ತನಕ ಕಾಯಬೇಡಿ, ವಾರ್ಡಿನಲ್ಲಿ ಯಾರಿದ್ದಾರೋ ಅವರಿಗೆ ಹೇಳಿ. ಕೈಯಲ್ಲಿದ್ದ ಕೆಲಸವನ್ನು ಇನ್ನೊಬ್ಬರಿಗೆ ಒಪ್ಪಿಸಿ. ಡ್ಯೂಟಿ ಮುಗಿಸಿ ಹೋಗುತ್ತೇನೆ ಎಂದರೆ ಎರಡು ಗಂಟೆ ಅಲ್ಲೇ ಮುಗಿದಿರುತ್ತದೆ.

ಬರೆಸುವಾಗ ಈ ವಿವರಗಳು ಇರಲಿ: ಎಷ್ಟು ಗಂಟೆಗೆ ಆಯಿತು, ಯಾವ ಸೂಜಿ, ಟೊಳ್ಳಾದದ್ದೋ ಹೊಲಿಗೆ ಸೂಜಿಯೋ, ಅದರ ಮೇಲೆ ರಕ್ತ ಕಾಣುತ್ತಿತ್ತೋ, ಎಷ್ಟು ಆಳಕ್ಕೆ ಹೋಯಿತು, ಗ್ಲೌಸ್ ಇತ್ತೋ, ಯಾವ ರೋಗಿಗೆ ಬಳಸಿದ್ದು. ಟೊಳ್ಳು ಸೂಜಿಯೊಳಗೆ ರಕ್ತ ಉಳಿದಿರುತ್ತದೆ, ಅದಕ್ಕೇ ಅದರ ಅಪಾಯ ಹೊಲಿಗೆ ಸೂಜಿಗಿಂತ ಜಾಸ್ತಿ. ರಕ್ತನಾಳದಿಂದ ಆಗ ತಾನೇ ಹೊರಗೆ ತೆಗೆದದ್ದಾದರೆ ಇನ್ನೂ ಜಾಸ್ತಿ.

ಹೇಳುವುದು ಎಲ್ಲರಿಗೂ ಒಂದೇ ರೀತಿ ಸುಲಭ ಅಲ್ಲ. ಒಮ್ಮೆ ವಾರ್ಡಿನಲ್ಲಿ ಬೆಡ್‌ಶೀಟ್ ತೆಗೆಯುತ್ತಿದ್ದ ಹೌಸ್‌ಕೀಪಿಂಗ್‌ನ ಹೆಂಗಸೊಬ್ಬರು ತಟಕ್ಕನೆ ಕೈ ಹಿಂದೆಳೆದುಕೊಂಡರು. ಯಾರೋ ಕ್ಯಾನುಲಾ (ರಕ್ತನಾಳಕ್ಕೆ ಹಾಕುವ ಸಣ್ಣ ನಳಿಗೆ) ಹಾಕಿ ಅದರ ಸ್ಟೈಲೆಟನ್ನು, ಅಂದರೆ ಒಳಗಿನ ಸೂಜಿಯನ್ನು, ಹಾಸಿಗೆಯ ಮೇಲೇ ಬಿಟ್ಟಿದ್ದರು, ಶೀಟಿನ ಮಡಿಕೆಯೊಳಗೆ ಅದು ಸೇರಿಕೊಂಡಿತ್ತು. ಆಕೆ ಬೆರಳನ್ನು ಸೀರೆಗೆ ಒತ್ತಿ ಹಿಡಿದು, ಶೀಟನ್ನು ಮತ್ತೆ ಸುತ್ತತೊಡಗಿದರು. ಬಾಗಲಕೋಟೆ ಕಡೆಯವರು. ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ಹೇಳಿದ್ರ ಸೂಪರ್‌ವೈಸರ್ ಬೈತಾನ್ರೀ ಅಕ್ಕಾರ, ನಾಳಿಂದ ಬರಬ್ಯಾಡ ಅಂತಾನ" ಎಂದರು. ತಪ್ಪು ಮಾಡಿದವರು ಬೇರೆ, ಹೆದರಿದವರು ಬೇರೆ. ಆ ಸೂಜಿ ಯಾವ ರೋಗಿಯದ್ದು ಎಂದು ಹೇಳಲು ನಮಗೆ ದಾರಿಯೇ ಇರಲಿಲ್ಲ.

ಕಾನೂನು ಇಲ್ಲಿ ನಿಮ್ಮ ಕಡೆಗಿದೆ. ಎಚ್‌ಐವಿ ಮತ್ತು ಏಡ್ಸ್ ತಡೆ ಕಾಯ್ದೆ 2017ರಲ್ಲಿ ಬಂತು, 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ. ಅದರ ಪ್ರಕಾರ, ಕೆಲಸದಲ್ಲಿ ಇಂಥ ಅಪಾಯ ಎದುರಾಗಬಹುದಾದ ಎಲ್ಲರಿಗೂ ಆಸ್ಪತ್ರೆ ರಕ್ಷಣೆಯ ಸಾಮಗ್ರಿ, ತರಬೇತಿ ಮತ್ತು ತಡೆ ಔಷಧಿ ಕೊಡಬೇಕು. ಅಲ್ಲಿ ಕೆಲಸ ಮಾಡುವ ಎಲ್ಲರೂ ಅಂದರೆ ಎಲ್ಲರೂ. ಕಾಂಟ್ರ್ಯಾಕ್ಟ್‌ನವರು ಬೇರೆ ಎಂದು ಅದರಲ್ಲಿ ಇಲ್ಲ.

ಹಂತ 3: ಕ್ಯಾಶುವಾಲ್ಟಿ, ಹೊತ್ತು ನೋಡದೆ

ಔಷಧಿ ಬೇಕೋ ಬೇಡವೋ ಎಂದು ಡಾಕ್ಟರು ತೀರ್ಮಾನಿಸಬೇಕು, ನೀವಲ್ಲ, ಸೀನಿಯರ್ ಸಿಸ್ಟರೂ ಅಲ್ಲ. ಸರ್ಕಾರಿ ವ್ಯವಸ್ಥೆಯಲ್ಲಿ ಇದಕ್ಕೆ ಎಆರ್‌ಟಿ ಕೇಂದ್ರಗಳಿವೆ, ಅಂದರೆ ಎಚ್‌ಐವಿ ಔಷಧಿ ಕೊಡುವ ಕೇಂದ್ರಗಳು. ಮಂಗಳೂರಿನಲ್ಲಿ ವೆನ್‌ಲಾಕ್ ಜಿಲ್ಲಾಸ್ಪತ್ರೆ, ಉಡುಪಿಯಲ್ಲಿ ಅಜ್ಜರಕಾಡಿನ ಜಿಲ್ಲಾಸ್ಪತ್ರೆ. ಆದರೆ ಎಆರ್‌ಟಿ ಕೇಂದ್ರ ನಡೆಯುವುದು ಹಗಲು ಹೊತ್ತು. ಸೂಜಿ ರಾತ್ರಿ ಎರಡು ಗಂಟೆಗೂ ಚುಚ್ಚುತ್ತದೆ, ಭಾನುವಾರವೂ ಚುಚ್ಚುತ್ತದೆ. ಅಂಥ ಹೊತ್ತಲ್ಲಿ ನಿಮ್ಮದೇ ಆಸ್ಪತ್ರೆಯ ಕ್ಯಾಶುವಾಲ್ಟಿಯಲ್ಲಿ ಮೊದಲ ಡೋಸ್ ಸಿಗಬೇಕು, ಉಳಿದದ್ದನ್ನು ಬೆಳಿಗ್ಗೆ ಎಆರ್‌ಟಿ ಕೇಂದ್ರಕ್ಕೆ ಹೋಗಿ ಮುಂದುವರಿಸಬಹುದು. ಸಣ್ಣ ನರ್ಸಿಂಗ್ ಹೋಮ್, ಲ್ಯಾಬುಗಳಲ್ಲಿ ಮಾತ್ರೆ ಇಟ್ಟಿರುವುದಿಲ್ಲ. ಅಲ್ಲಿ ಕೆಲಸ ಮಾಡುವವರು ಜಿಲ್ಲಾಸ್ಪತ್ರೆಯ ಕ್ಯಾಶುವಾಲ್ಟಿಗೆ ಹೊರಡಬೇಕು. ಹೊರಡುವ ಮೊದಲು ಫೋನ್ ಮಾಡಿ ಕೇಳಿ. ಸಂಜೆ ಹೊತ್ತಲ್ಲಿ ತೊಕ್ಕೊಟ್ಟು ಕಡೆಯಿಂದ ಪಂಪ್‌ವೆಲ್ ದಾಟುವುದರಲ್ಲೇ ಎಷ್ಟು ಹೊತ್ತು ಹೋಗುತ್ತದೆ ಅಂತ ನಿಮಗೇ ಗೊತ್ತಲ್ವಾ.

ಟಿಟಿ ಇಂಜೆಕ್ಷನ್ ಹಾಕಿಸಿಕೊಂಡು "ಆಯ್ತು" ಎಂದು ವಾಪಸ್ ಬರುವವರು ತುಂಬಾ ಜನ. ಅದು ಧನುರ್ವಾಯುವಿಗೆ ಮಾತ್ರ. ಎಚ್‌ಐವಿಗೂ ಹೆಪಟೈಟಿಸ್‌ಗೂ ಅದಕ್ಕೂ ಸಂಬಂಧವೇ ಇಲ್ಲ.

ಇನ್ನು ಅಪಾಯದ ಲೆಕ್ಕ. ಎಚ್‌ಐವಿ ಇರುವ ರೋಗಿಯ ಸೂಜಿ ಚುಚ್ಚಿದರೆ, ಏನೂ ಔಷಧಿ ತೆಗೆದುಕೊಳ್ಳದಿದ್ದರೂ, ಸೋಂಕು ತಗಲುವುದು ಸುಮಾರು 1000ಕ್ಕೆ 3 ಸಲ. ಕಣ್ಣು ಬಾಯಿಗೆ ಹಾರಿದರೆ 1000ಕ್ಕೆ 1ಕ್ಕಿಂತ ಸ್ವಲ್ಪ ಕಡಿಮೆ. ಹೆಪಟೈಟಿಸ್ ಸಿ 100ಕ್ಕೆ 2ರ ಒಳಗೆ. ಹೆಪಟೈಟಿಸ್ ಬಿ, ಅದೂ ಲಸಿಕೆ ಹಾಕಿಸದವರಿಗೆ, 100ಕ್ಕೆ 6ರಿಂದ 30ರವರೆಗೆ. ನೋಡಿ, ಎಲ್ಲರೂ ಹೆದರುವುದು ಎಚ್‌ಐವಿಗೆ, ಸುಲಭವಾಗಿ ಹರಡುವುದು ಹೆಪಟೈಟಿಸ್ ಬಿ. ಒಣಗಿದ ರಕ್ತದಲ್ಲೂ ಆ ವೈರಸ್ ಕನಿಷ್ಠ 7 ದಿನ ಬದುಕಿರುತ್ತದೆ.

ಯಾವುದಕ್ಕೆ ಹೆದರಬೇಕಿಲ್ಲ? ಗಾಯವಿಲ್ಲದ ಚರ್ಮದ ಮೇಲೆ ರಕ್ತ ಬಿದ್ದರೆ ತೊಳೆದರೆ ಸಾಕು. ಮೂತ್ರ, ಮಲ, ಬೆವರು, ಕಣ್ಣೀರು, ವಾಂತಿ, ಕಫ, ಇವುಗಳಲ್ಲಿ ರಕ್ತ ಕಾಣದಿದ್ದರೆ ಎಚ್‌ಐವಿ ಮಾತ್ರೆಯ ಪ್ರಶ್ನೆ ಬರುವುದಿಲ್ಲ. ಆದರೆ ಎದೆ, ಹೊಟ್ಟೆ, ಕೀಲು, ಬೆನ್ನುಹುರಿಯಿಂದ ತೆಗೆದ ನೀರು ಗರ್ಭದ ನೀರಿನ ಹಾಗೆಯೇ ಅಪಾಯದ ಪಟ್ಟಿಯಲ್ಲಿದೆ.

ಹಂತ 4: ರಕ್ತ ಪರೀಕ್ಷೆ, ನಿಮ್ಮದೂ ರೋಗಿಯದೂ

ನಿಮ್ಮ ರಕ್ತವನ್ನು ಅದೇ ದಿನ ತೆಗೆಯುತ್ತಾರೆ: ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಲಿವರ್, ಕಿಡ್ನಿ. ಇಂದು ಚುಚ್ಚಿದ ಸೂಜಿಯ ಫಲ ಇಂದೇ ತಿಳಿಯುವುದಿಲ್ಲ, ಹಾಗಾದರೆ ಯಾಕೆ ಎಂದು ಕೇಳುತ್ತಾರೆ. ಚುಚ್ಚುವ ಮೊದಲು ನಿಮಗೆ ಸೋಂಕು ಇರಲಿಲ್ಲ ಎಂಬುದಕ್ಕೆ ಇದೇ ದಾಖಲೆ. ಮುಂದೆ ಪರಿಹಾರದ ಮಾತು ಬಂದರೆ ಈ ಕಾಗದ ಇಲ್ಲದೆ ನಡೆಯುವುದಿಲ್ಲ. ಆದರೆ ರಿಪೋರ್ಟ್ ಬರಲಿ ಎಂದು ಮೊದಲ ಡೋಸನ್ನು ಕಾಯಿಸಬೇಡಿ. ಆಮೇಲೆ ಬೇಡವೆಂದಾದರೆ ನಿಲ್ಲಿಸಬಹುದು.

ರೋಗಿಯ ಎಚ್‌ಐವಿ ಪರೀಕ್ಷೆಗೆ ಅವರ ಒಪ್ಪಿಗೆ ಬೇಕು, ಕದ್ದು ಮಾಡುವ ಹಾಗಿಲ್ಲ. ಚುಚ್ಚಿಸಿಕೊಂಡವರೇ ಹೋಗಿ ಕೇಳಬಾರದು, ಗಾಬರಿಯಲ್ಲಿ ಮಾತು ಎಡವಟ್ಟಾಗುತ್ತದೆ. ಬೇರೆ ಡಾಕ್ಟರೋ ಕೌನ್ಸೆಲರೋ ಕೇಳಲಿ. ಜೊತೆಗೆ ಬಂದ ನೆಂಟರನ್ನು ಹೊರಗೆ ಕಳಿಸಿ, "ಅಮ್ಮಾ, ನಿಮ್ಮ ರಕ್ತ ತೆಗೆಯುವಾಗ ನಮ್ಮ ಸಿಸ್ಟರ್ ಕೈಗೆ ಸೂಜಿ ತಾಗಿತು. ನಿಮ್ಮಿಂದ ಏನೂ ತಪ್ಪಾಗಿಲ್ಲ. ಅವರಿಗೆ ಔಷಧಿ ಬೇಕೋ ಬೇಡವೋ ಎಂದು ತಿಳಿಯಲು ನಿಮ್ಮ ರಕ್ತ ಸ್ವಲ್ಪ ನೋಡಬೇಕು, ಆಗಬಹುದಾ?" ಎಂದು ಕೇಳಿದರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಒಪ್ಪದಿದ್ದರೆ ರೋಗಿಯ ಸ್ಥಿತಿ ಗೊತ್ತಿಲ್ಲ ಎಂದು ತಿಳಿದುಕೊಂಡು ಡಾಕ್ಟರು ಮುಂದುವರಿಯುತ್ತಾರೆ. ರೋಗಿಯ ಫಲಿತಾಂಶ ಏನೇ ಬರಲಿ, ಅದು ಕ್ಯಾಂಟೀನಿನಲ್ಲಿ ಆಡುವ ಮಾತಲ್ಲ. ನಿಮ್ಮದೂ ಅಷ್ಟೇ.

ಹಂತ 5: 28 ದಿನದ ಮಾತ್ರೆ

ಈಗ ಕೊಡುವುದು ಸಾಮಾನ್ಯವಾಗಿ ದಿನಕ್ಕೆ ಒಂದೇ ಮಾತ್ರೆ. ಅದರಲ್ಲಿ ಟೆನೊಫೋವಿರ್ 300, ಲ್ಯಾಮಿವುಡಿನ್ 300, ಡೊಲುಟೆಗ್ರಾವಿರ್ 50 ಮಿಲಿಗ್ರಾಂ ಸೇರಿರುತ್ತವೆ. ಟಿಎಲ್‌ಡಿ ಎಂದು ಕರೆಯುತ್ತಾರೆ. 28 ದಿನವೂ ತೆಗೆದುಕೊಳ್ಳಬೇಕು. ಹತ್ತು ದಿನಕ್ಕೆ ಬಿಟ್ಟರೆ ತೆಗೆದುಕೊಂಡದ್ದೂ ದಂಡ.

ವಾಕರಿಕೆ, ತಲೆನೋವು, ನಿದ್ದೆ ಬಾರದಿರುವುದು ಕೆಲವರಿಗೆ ಆಗುತ್ತದೆ. ನಿದ್ದೆ ಕೆಟ್ಟರೆ ಬೆಳಿಗ್ಗೆ ತೆಗೆದುಕೊಳ್ಳುವ ಬಗ್ಗೆ ಡಾಕ್ಟರನ್ನು ಕೇಳಿ. ಇನ್ನೊಂದು ವಿಷಯ ಅನೇಕರಿಗೆ ಯಾರೂ ಹೇಳಿರುವುದಿಲ್ಲ. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ, ಗ್ಯಾಸ್ಟ್ರಿಕ್‌ಗೆಂದು ಕುಡಿಯುವ ಆಂಟಾಸಿಡ್, ಇವು ಡೊಲುಟೆಗ್ರಾವಿರ್ ದೇಹಕ್ಕೆ ಸೇರದ ಹಾಗೆ ಮಾಡುತ್ತವೆ. ಟಿಎಲ್‌ಡಿಯನ್ನು ಅವುಗಳಿಗಿಂತ 2 ಗಂಟೆ ಮೊದಲು ಅಥವಾ 6 ಗಂಟೆ ಬಿಟ್ಟು ತೆಗೆದುಕೊಳ್ಳಿ. ನೈಟ್ ಡ್ಯೂಟಿ ಮಾಡುವವರ ಬ್ಯಾಗಿನಲ್ಲಿ ಆಂಟಾಸಿಡ್ ಇಲ್ಲದೆ ಇರುತ್ತದಾ? ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರು, ಕಿಡ್ನಿ ತೊಂದರೆ ಇರುವವರು, ಗರ್ಭಿಣಿಯರು, ಹಾಲುಣಿಸುವವರು, ಈಗಾಗಲೇ ಹೆಪಟೈಟಿಸ್ ಬಿ ಇರುವವರು ಮೊದಲೇ ಹೇಳಿಬಿಡಬೇಕು. ಕೊನೆಯವರಿಗೆ ಇದು ತುಂಬಾ ಮುಖ್ಯ, ಈ ಮಾತ್ರೆ ನಿಲ್ಲಿಸಿದಾಗ ಅವರ ಲಿವರ್ ಕೆರಳಬಹುದು.

ಹಂತ 6: ಹೆಪಟೈಟಿಸ್

ಹೆಪಟೈಟಿಸ್ ಬಿ ಲಸಿಕೆ ಮೂರು ಡೋಸ್: ಮೊದಲ ದಿನ, 1 ತಿಂಗಳಿಗೆ, 6 ತಿಂಗಳಿಗೆ. ಮೂರೂ ಆಗಿ ಒಂದೆರಡು ತಿಂಗಳಲ್ಲಿ ಟೈಟರ್ ನೋಡಿಸಬೇಕು, ಅಂದರೆ ಲಸಿಕೆಯಿಂದ ರಕ್ತದಲ್ಲಿ ಎಷ್ಟು ರಕ್ಷಣೆ ಬಂದಿದೆ ಎಂಬ ಪರೀಕ್ಷೆ. 10 ಅಥವಾ ಅದಕ್ಕಿಂತ ಮೇಲೆ ಬಂದರೆ ನಿಮಗೆ ರಕ್ಷಣೆ ಇದೆ, ಸೂಜಿ ಚುಚ್ಚಿದರೂ ಹೆಪಟೈಟಿಸ್ ಬಿಗೆಂದು ಬೇರೇನೂ ಬೇಕಿಲ್ಲ. ಲಸಿಕೆಯೇ ಆಗಿಲ್ಲ, ಅಥವಾ ಟೈಟರ್ ಬರಲಿಲ್ಲ, ರೋಗಿಗೆ ಹೆಪಟೈಟಿಸ್ ಬಿ ಇದೆ ಎಂದಾದರೆ ಇಮ್ಯುನೊಗ್ಲೋಬ್ಯುಲಿನ್ (ವೈರಸ್ ತಡೆಯುವ ಸಿದ್ಧ ಪ್ರತಿಕಾಯ) ಇಂಜೆಕ್ಷನ್ ಬೇಕು. 24 ಗಂಟೆಯೊಳಗೆ ಕೊಟ್ಟರೆ ಒಳ್ಳೆಯದು, ವಾರ ದಾಟಿದರೆ ಪ್ರಯೋಜನ ಹೇಳಲಾಗದು. ಲಸಿಕೆಯ ಡೋಸನ್ನೂ ಜೊತೆಗೇ, ಬೇರೆ ತೋಳಿಗೆ ಕೊಡುತ್ತಾರೆ. ಈ ಇಂಜೆಕ್ಷನ್ ದುಬಾರಿ. ಲಸಿಕೆ ಅಗ್ಗ. ವೈದ್ಯಕೀಯ ತ್ಯಾಜ್ಯದ 2016ರ ನಿಯಮದ ಪ್ರಕಾರ ತ್ಯಾಜ್ಯ ಮುಟ್ಟುವ ಎಲ್ಲರಿಗೂ ಹೆಪಟೈಟಿಸ್ ಬಿ ಮತ್ತು ಧನುರ್ವಾಯು ಲಸಿಕೆ ಹಾಕಿಸುವುದು ಆಸ್ಪತ್ರೆಯ ಹೊಣೆ. ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆಯೂ.

ಹೆಪಟೈಟಿಸ್ ಸಿಗೆ ಲಸಿಕೆ ಇಲ್ಲ, ತಡೆ ಮಾತ್ರೆಯೂ ಇಲ್ಲ. ಆದರೆ ಬೇಗ ಹಿಡಿದರೆ ಪೂರ್ತಿ ಗುಣವಾಗುತ್ತದೆ, ಸಾಮಾನ್ಯವಾಗಿ 12 ವಾರದ ಮಾತ್ರೆ. ರಾಷ್ಟ್ರೀಯ ವೈರಲ್ ಹೆಪಟೈಟಿಸ್ ಕಾರ್ಯಕ್ರಮದಲ್ಲಿ 2018ರಿಂದ ಇದು ಉಚಿತ.

ಹಂತ 7: ಮರುಪರೀಕ್ಷೆ

ಎಚ್‌ಐವಿಗೆ 6 ವಾರ, 3 ತಿಂಗಳು, 6 ತಿಂಗಳು. ಹೆಪಟೈಟಿಸ್ ಸಿಗೆ 3ರಿಂದ 6 ವಾರದೊಳಗೆ ಆರ್‌ಎನ್‌ಎ ಪರೀಕ್ಷೆ (ರಕ್ತದಲ್ಲಿ ವೈರಸ್ಸನ್ನೇ ಹುಡುಕುವ ಪರೀಕ್ಷೆ), 4ರಿಂದ 6 ತಿಂಗಳಲ್ಲಿ ಇನ್ನೊಮ್ಮೆ. ತಾರೀಕನ್ನು ಫೋನಿನಲ್ಲಿ ಹಾಕಿಕೊಳ್ಳಿ. ಎಲ್ಲ ಸರಿ ಎಂದು ಡಾಕ್ಟರು ಹೇಳುವ ತನಕ ರಕ್ತದಾನ ಬೇಡ, ಕಾಂಡೋಮ್ ಬಳಸಿ. ಮನೆಯವರ ಜೊತೆ ಊಟ, ಮಕ್ಕಳನ್ನು ಎತ್ತಿಕೊಳ್ಳುವುದು, ಡ್ಯೂಟಿ, ಯಾವುದನ್ನೂ ನಿಲ್ಲಿಸಬೇಕಿಲ್ಲ.

ಈ ನಡುವೆ ಕಣ್ಣು ಹಳದಿಯಾದರೆ ಕಾಮಾಲೆಗೆ ನಾಟಿ ಮದ್ದು ಕೊಡುವವರ ಮನೆಗೆ ಓಡಬೇಡಿ. ಮೊದಲು ರಕ್ತ ಪರೀಕ್ಷೆ. ಜ್ವರ ಬಂದರೆ ಮಲೇರಿಯಾಕ್ಕೂ ನೋಡಿಸಿ. ಮಲೇರಿಯಾ ರೋಗಿಯ ರಕ್ತವಿದ್ದ ಸೂಜಿಯಿಂದಲೂ ಮಲೇರಿಯಾ ಬರಬಹುದು, ಸೊಳ್ಳೆಯೇ ಬೇಕೆಂದಿಲ್ಲ.

ಚುಚ್ಚದ ಹಾಗೆ

ಬಳಸಿದ ಸೂಜಿಗೆ ಕ್ಯಾಪ್ ಹಾಕಬೇಡಿ. ಎರಡು ಕೈ ಬಳಸಿ ಕ್ಯಾಪ್ ಹಾಕುವಾಗ ಅದು ಎಡಗೈಯ ಹೆಬ್ಬೆರಳಿಗೋ ತೋರುಬೆರಳಿಗೋ ನುಗ್ಗುತ್ತದೆ. ಹಾಕಲೇಬೇಕಾದರೆ ಕ್ಯಾಪನ್ನು ಟ್ರೇಯಲ್ಲಿ ಮಲಗಿಸಿ, ಒಂದೇ ಕೈಯಿಂದ ಸೂಜಿಯನ್ನು ಒಳಗೆ ತೂರಿಸಿ, ಆಮೇಲೆ ಮೇಲೆತ್ತಿ ಒತ್ತಿ. ಇನ್ನೊಂದು ಕೈ ಬೆನ್ನ ಹಿಂದೆ ಇರಲಿ.

ಸೂಜಿ ಕತ್ತರಿಸುವ ಹಬ್ ಕಟರನ್ನೂ, ಸೂಜಿ ಬ್ಲೇಡು ಹಾಕುವ ಬಿಳಿ ಶಾರ್ಪ್ಸ್ ಡಬ್ಬಿಯನ್ನೂ ರೋಗಿಯ ಹಾಸಿಗೆಯ ಹತ್ತಿರಕ್ಕೆ ಒಯ್ಯಿರಿ. ಡಬ್ಬಿ ನರ್ಸಿಂಗ್ ಸ್ಟೇಷನ್ನಿನಲ್ಲಿ ಕೂತರೆ ಸೂಜಿ ವಾರ್ಡಿಡೀ ನಡೆಯಬೇಕಾಗುತ್ತದೆ. ಮುಕ್ಕಾಲು ತುಂಬಿದರೆ ಬದಲಿಸಿ, ಒತ್ತಿ ಒತ್ತಿ ತುಂಬಿಸಬೇಡಿ. ಸೂಜಿಯನ್ನು ಹಳದಿ, ಕೆಂಪು ಚೀಲಕ್ಕೆ ಹಾಕಿದರೆ ಅದು ಚುಚ್ಚುವುದು ನಿಮಗಲ್ಲ, ಚೀಲ ಹೊರುವವರಿಗೆ. ಆಪರೇಷನ್ ಥಿಯೇಟರಿನಲ್ಲಿ ಬ್ಲೇಡು, ಸೂಜಿಯನ್ನು ಕೈಯಿಂದ ಕೈಗೆ ಕೊಡದೆ ಕಿಡ್ನಿ ಟ್ರೇಯಲ್ಲಿಟ್ಟು ದಾಟಿಸಿ. ಎರಡು ಗ್ಲೌಸ್ ಹಾಕಿದರೆ ಸೂಜಿ ನಿಲ್ಲುವುದಿಲ್ಲ, ಆದರೆ ಅದರ ಮೇಲಿನ ರಕ್ತ ಸ್ವಲ್ಪ ಒರೆಸಿ ಹೋಗುತ್ತದೆ. ಕನ್ನಡಕ ಇದೆ ಎಂದು ಫೇಸ್ ಶೀಲ್ಡ್ ಬಿಡಬೇಡಿ, ಬದಿಯಿಂದ ಚಿಮ್ಮುವುದಕ್ಕೆ ಕನ್ನಡಕ ಅಡ್ಡವಾಗುವುದಿಲ್ಲ.

ಜ್ವರದ ಅಮಲಿನಲ್ಲಿರುವವರು, ಸಣ್ಣ ಮಕ್ಕಳು, ಇವರಿಗೆ ಕ್ಯಾನುಲಾ ಹಾಕುವಾಗ ಹಿಡಿಯಲು ಒಬ್ಬರನ್ನು ಕರೆಯಿರಿ. ಸ್ಟೈಲೆಟ್ ತೆಗೆದ ಕೂಡಲೇ ಡಬ್ಬಿಗೆ. "ಪ್ಲಾಸ್ಟರ್ ಹಾಕಿ ಆಮೇಲೆ" ಎಂದರೆ ಅದು ಶೀಟಿನೊಳಗೆ ಸೇರುತ್ತದೆ.

ಇವತ್ತೇ ಕೇಳಿಟ್ಟುಕೊಳ್ಳಿ

ನನ್ನ ಟೈಟರ್ ಎಷ್ಟು? ರಾತ್ರಿ ಹೊತ್ತು ಟಿಎಲ್‌ಡಿ ಯಾವ ಕಪಾಟಿನಲ್ಲಿದೆ, ಬೀಗದ ಕೈ ಯಾರ ಹತ್ತಿರ? ಯಾವ ನಂಬರಿಗೆ ಫೋನ್ ಮಾಡಬೇಕು? ಯಾವ ಪುಸ್ತಕದಲ್ಲಿ ಬರೆಸಬೇಕು? ಇವಕ್ಕೆ ಉತ್ತರ ಗೊತ್ತಿಲ್ಲದ ವಾರ್ಡಿನಲ್ಲಿ ಎಷ್ಟು ಚಂದದ ಪೋಸ್ಟರ್ ಅಂಟಿಸಿದ್ದರೂ ಉಪಯೋಗವಿಲ್ಲ. ಕನ್ನಡ ಓದಲು ಬಾರದವರು ನಿಮ್ಮ ವಾರ್ಡಿನಲ್ಲಿದ್ದರೆ ತುಳುವಿನಲ್ಲೋ ಮಲಯಾಳದಲ್ಲೋ ಹಿಂದಿಯಲ್ಲೋ ಬಾಯಿಮಾತಲ್ಲೇ ಹೇಳಿಕೊಡಿ.

ಕಾಂಟ್ರ್ಯಾಕ್ಟ್ ಮೇಲೆ ಇರುವವರು ಸಂಬಳದ ಚೀಟಿಯಲ್ಲಿ ಇಎಸ್‌ಐ (ನೌಕರರ ರಾಜ್ಯ ವಿಮೆ) ಕಡಿತ ಇದೆಯಾ ನೋಡಿ. ಇದ್ದರೆ ಸೂಜಿ ಚುಚ್ಚಿದ್ದನ್ನು ಕೆಲಸದ ಅಪಘಾತ ಎಂದೇ ಬರೆಸಿ, ಅದರ ಪ್ರತಿಯೊಂದನ್ನು ಕೇಳಿ ತೆಗೆದುಕೊಳ್ಳಿ. 20 ಅಥವಾ ಅದಕ್ಕಿಂತ ಜಾಸ್ತಿ ಮಂದಿ ಇರುವ ಆಸ್ಪತ್ರೆಯಲ್ಲಿ ಎಚ್‌ಐವಿ ಕಾಯ್ದೆಯ ಪ್ರಕಾರ ದೂರು ಕೇಳುವ ಅಧಿಕಾರಿ ಒಬ್ಬರು ಇರಬೇಕು. ಆಸ್ಪತ್ರೆಯೊಳಗೆ ಯಾರನ್ನೂ ಕೇಳಲು ಧೈರ್ಯ ಬಾರದಿದ್ದರೆ 1097ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಏಡ್ಸ್ ಸಹಾಯವಾಣಿ, ಫೋನಿಗೆ ದುಡ್ಡು ಹೋಗುವುದಿಲ್ಲ.